ಮಾರಿಸ್ ಮೈನರ್: ಸೆಲ್ಫ್ ನಾಬ್ ಉಳಿಸಿಕೊಂಡೇ ಸೊಲೆನಾಯ್ಡ್ ಹಾಕುವ ಕೆಲಸ

ಹಳೆಯ ಮಾದರಿಯ ಬ್ರಿಟಿಷ್ ಕಾರು ಮಾರಿಸ್ ಮೈನರ್‌ನಲ್ಲಿ ಕೀಲಿ ತಿರುಗಿಸಿದರೆ ಇಗ್ನಿಷನ್ ಬರುತ್ತದೆ, ಅಷ್ಟೇ. ಸೆಲ್ಫ್ ಹೊಡೆಯಲು ಡ್ಯಾಶ್‌ಬೋರ್ಡಿನ ನಾಬ್ ಎಳೆಯಬೇಕು. ನಾಬಿನ ಹಿಂದಿನ ಕೇಬಲ್ ಬಾನೆಟ್ ಒಳಗಿರುವ ದಪ್ಪ ಸ್ವಿಚ್ಚನ್ನು ಎಳೆದು ಅದರೊಳಗಿನ ತಾಮ್ರದ ಕಾಂಟ್ಯಾಕ್ಟುಗಳನ್ನು ಕೂಡಿಸುತ್ತದೆ. ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಹೋಗುವ ಅಷ್ಟೂ ಕರೆಂಟು ಆ ಕಾಂಟ್ಯಾಕ್ಟುಗಳ ಮೇಲೆಯೇ ಹಾಯಬೇಕು. ಎಂಜಿನ್ ತಿರುಗುವಾಗ ನೂರು, ನೂರೈವತ್ತು ಆಂಪಿಯರ್. ಮೋಟರ್ ಜಾಮ್ ಆದರೆ 350 ಆಂಪಿಯರ್ ದಾಟುತ್ತದೆ. ಹತ್ತಾರು ವರ್ಷ ಕಿಡಿ ಹಾರಿ ಸುಟ್ಟ ಕಾಂಟ್ಯಾಕ್ಟುಗಳು ಒಂದು ದಿನ ಸೋಲುತ್ತವೆ. ಎಂಜಿನ್ ನಿಧಾನವಾಗಿ ತಿರುಗುತ್ತದೆ, ಬಿಸಿ ಎಂಜಿನ್ ಅಂತೂ ಏಳುವುದೇ ಇಲ್ಲ.

ಇಂಥ ಕಾರು ಬಂದಾಗ ಗ್ಯಾರೇಜುಗಳಲ್ಲಿ ಮಾಡುವುದು ಸಾಮಾನ್ಯವಾಗಿ ಒಂದೇ ಕೆಲಸ: ಹಳೆಯ ಸ್ವಿಚ್ ಕಿತ್ತು, ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಒಂದು ಪುಶ್ ಬಟನ್ ಕೂರಿಸುವುದು. ಅದರ ಅಗತ್ಯವಿಲ್ಲ. ಹಳೆಯ ಸ್ವಿಚ್ಚನ್ನು ಇದ್ದಲ್ಲೇ ಬಿಟ್ಟು, ಅದರಿಂದ ಸೊಲೆನಾಯ್ಡ್ (ಸಣ್ಣ ಕರೆಂಟು ಕೊಟ್ಟರೆ ದಪ್ಪ ಕಾಂಟ್ಯಾಕ್ಟುಗಳನ್ನು ಕೂಡಿಸುವ ವಿದ್ಯುತ್ಕಾಂತದ ಸ್ವಿಚ್) ಎಳೆಸಬಹುದು. ಲೆಕ್ಕ ನೋಡಿ: 150 ಆಂಪಿಯರ್ ಹರಿಯುವಾಗ ಒಂದು ವೋಲ್ಟ್ ನುಂಗುವ ಸ್ವಿಚ್ಚಿನಲ್ಲಿ 150 ವಾಟ್ ಶಾಖ ಹುಟ್ಟುತ್ತದೆ. ಅದೇ ಸುಟ್ಟ ಸ್ವಿಚ್ಚಿನಲ್ಲಿ ಸೊಲೆನಾಯ್ಡ್ ಕಾಯಿಲಿನ 4 ಆಂಪಿಯರ್ ಮಾತ್ರ ಹಾಯಿಸಿದರೆ ನಷ್ಟ 0.03 ವೋಲ್ಟಿಗಿಂತ ಕಡಿಮೆ. ಸ್ವಿಚ್ಚಿಗೆ ಇನ್ನೊಂದು ಆಯುಷ್ಯವೇ ಸಿಕ್ಕಂತೆ. ನಾಬ್, ಕೇಬಲ್, ವಾಪಸ್ ಎಳೆಯುವ ಸ್ಪ್ರಿಂಗ್ ಎಲ್ಲವೂ ಮೂಲದವೇ ಇರುತ್ತವೆ, ಕಾರಿನೊಳಗೆ ಒಂದು ಹೊಸ ವೈರೂ ಬರುವುದಿಲ್ಲ, ಬೇಡ ಅನ್ನಿಸಿದ ದಿನ ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡಿಬಿಡಬಹುದು. ಮಾರಿಸ್ ಕಂಪನಿಯೇ ನಂತರದ ಮೈನರ್‌ಗಳಿಗೆ ಸೊಲೆನಾಯ್ಡ್ ಹಾಕಿ ಸೆಲ್ಫನ್ನು ಕೀಲಿಗೆ ತಂದಿತು. ಹಾಗಾಗಿ ಕಾರಿನ ಕಾಲಕ್ಕೆ ಹೊಂದದ ಕೆಲಸವೂ ಇದಲ್ಲ.

ಮೊದಲು ಅಳೆಯಿರಿ

ದೋಷ ಸ್ವಿಚ್ಚಿನಲ್ಲೇ ಇದೆಯೇ ಎಂದು ಖಾತ್ರಿಯಾಗದೆ ಒಂದು ನಟ್ಟನ್ನೂ ಬಿಚ್ಚಬೇಡಿ. ಕೆಟ್ಟ ಅರ್ತ್ (ಬ್ಯಾಟರಿಯನ್ನು ಬಾಡಿ, ಎಂಜಿನ್‌ಗೆ ಸೇರಿಸುವ ಜೋಡಣೆ) ಇರುವ ಕಾರಿಗೆ ಎಷ್ಟು ಒಳ್ಳೆಯ ಸೊಲೆನಾಯ್ಡ್ ಹಾಕಿದರೂ ಎಂಜಿನ್ ಮೊದಲಿನಷ್ಟೇ ನಿಧಾನ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ: ಕೆಲಸವಿಲ್ಲದೆ ನಿಂತಾಗ 12.6 ವೋಲ್ಟ್ ಆಸುಪಾಸು. ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿನ ಬಿಳಿ ವೈರ್ ಬಿಚ್ಚಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ನಾಬ್ ಎಳೆದು ಮೂರ್ನಾಲ್ಕು ಸೆಕೆಂಡು ಹಿಡಿಯಲಿ, ಇನ್ನೊಬ್ಬರು ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟ್ ನೋಡಲಿ. ಬ್ಯಾಟರಿಯ ಎರಡು ಕಂಬಗಳ ನಡುವೆ 9.6ಕ್ಕಿಂತ ಕೆಳಗಿಳಿದರೆ ತಪ್ಪು ಬ್ಯಾಟರಿಯದ್ದು, ಇಲ್ಲವೇ ಮೋಟರಿನದ್ದು. ಬ್ಯಾಟರಿ ಕಂಬದಿಂದ ಸ್ವಿಚ್ಚಿನ ಬ್ಯಾಟರಿ ಬದಿಯ, ಕೇಬಲ್ ಬಿಗಿಯುವ ತಿರುಪಿನ ಸ್ಟಡ್‌ವರೆಗೆ 0.2 ವೋಲ್ಟ್ ಮೀರಬಾರದು. ಸ್ವಿಚ್ಚಿನ ಎರಡು ಸ್ಟಡ್‌ಗಳ ನಡುವೆಯೂ ಅಷ್ಟೇ, ಸ್ವಿಚ್ಚಿನಿಂದ ಮೋಟರಿನ ಸ್ಟಡ್‌ವರೆಗೂ ಅಷ್ಟೇ. ಮೀಟರಿನ ಕಡ್ಡಿಯನ್ನು ಕೇಬಲ್ ತುದಿಯ ಲಗ್ಗಿನ (ತಾಮ್ರದ ಉಂಗುರದ) ಮೇಲಲ್ಲ, ಸ್ಟಡ್ಡಿನ ಮೇಲೆಯೇ ಒತ್ತಿ. ಲಗ್ಗಿನ ಮೇಲಿಟ್ಟರೆ ಜಾಯಿಂಟಿನ ದೋಷ ಲೆಕ್ಕಕ್ಕೆ ಬರುವುದಿಲ್ಲ. ನಾಬ್ ಎಳೆಯದೇ ಇದ್ದಾಗ ಸ್ವಿಚ್ಚಿನ ಸ್ಟಡ್‌ಗಳ ನಡುವೆ 12 ವೋಲ್ಟ್ ಕಾಣುವುದು ಸಹಜ, ಗಾಬರಿ ಬೇಡ. ಎಂಜಿನ್ ತಿರುಗುತ್ತಿರುವಾಗ ಕಾಣುವ ಅಂಕಿಯೇ ಲೆಕ್ಕ.

ಕೊನೆಯ ಅಳತೆ ಹಲವರು ಬಿಟ್ಟುಬಿಡುವಂಥದ್ದು: ಬ್ಯಾಟರಿಯ ಅರ್ತ್ ಕಂಬದಿಂದ ಸೆಲ್ಫ್ ಮೋಟರಿನ ಬಾಡಿಯವರೆಗೆ. 0.3 ವೋಲ್ಟ್ ದಾಟಿದರೆ ಎಂಜಿನ್ ಅರ್ತ್ ಪಟ್ಟಿಯನ್ನು ಹುಡುಕಿ. ಎಂಜಿನ್, ಗೇರ್‌ಬಾಕ್ಸ್ ಎರಡೂ ರಬ್ಬರ್ ಮೌಂಟಿಂಗ್ ಮೇಲೆ ಕೂತಿವೆ. ಅವನ್ನು ಬಾಡಿಗೆ ಸೇರಿಸುವ ಹೆಣೆದ ಪಟ್ಟಿ ತುಂಡಾದರೆ ಕರೆಂಟು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಸಿಗುವುದು ಚೋಕ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿದರೆ ಬಿಸಿ ಇದೆ, ಅಥವಾ ಅದು ಒಳಗೇ ಬೆಸೆದುಕೊಂಡು ಎಳೆಯಲು ಬಾರದಾಗಿದೆ ಎಂದರೆ ಕಾರಣ ಇದೇ. ಹೊಸ ಪಟ್ಟಿ ಹಾಕಿ, ಎರಡೂ ತುದಿಯಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ ಟೈಟ್ ಮಾಡಿ. ಎಷ್ಟೋ ಕಾರುಗಳ ರೋಗ ಇಲ್ಲಿಗೇ ವಾಸಿ.

ಈ ಕಾರಿನಲ್ಲಿ ಅರ್ತ್ ಯಾವುದು?

ಮೈನರ್ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ತ್‌ನಲ್ಲಿ. ಬ್ಯಾಟರಿಯ ಪ್ಲಸ್ ಕಂಬ ಬಾಡಿಗೆ, ಮೈನಸ್ ಕಂಬ ಲೈವ್. ಈಗಿನ ಕಾರುಗಳ ಅಭ್ಯಾಸದಿಂದ ಮೊದಲು ಮೈನಸ್ ಬಿಚ್ಚಲು ಹೋದರೆ, ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದ ಕ್ಷಣವೇ ಶಾರ್ಟ್. ಪ್ಲಸ್ಸೋ ಮೈನಸ್ಸೋ ಎಂದು ನೋಡಬೇಡಿ, ಬಾಡಿಗೆ ಹೋಗುವ ಕೇಬಲ್ಲನ್ನೇ ಮೊದಲು ಬಿಚ್ಚಿ, ಕೊನೆಗೆ ಹಾಕಿ. ನಮ್ಮಲ್ಲಿ ಉಳಿದಿರುವ ಕಾರುಗಳಲ್ಲಿ ಕೆಲವನ್ನು ಯಾರೋ ಎಂದೋ ನೆಗೆಟಿವ್ ಅರ್ತ್‌ಗೆ ತಿರುಗಿಸಿರುತ್ತಾರೆ. ಅದಕ್ಕೇ ಪುಸ್ತಕ ನಂಬದೆ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ.

ಸೊಲೆನಾಯ್ಡ್ ಕಾಯಿಲಿಗೆ ಪ್ಲಸ್ ಮೈನಸ್ ಭೇದವಿಲ್ಲ. ಮೈನರ್‌ನ ಲೂಕಾಸ್ ಕಂಪನಿಯ ಸೆಲ್ಫ್ ಮೋಟರೂ ಹಾಗೆಯೇ. ಅದರಲ್ಲಿ ಕಾಯಂ ಅಯಸ್ಕಾಂತವಿಲ್ಲ, ಧ್ರುವ ಬದಲಾದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಈ ಇಡೀ ಕೆಲಸದಲ್ಲಿ ಧ್ರುವ ನೋಡಬೇಕಾದ ಭಾಗ ಒಂದೇ, ಡಯೋಡ್. ಅದರ ಮಾತು ಮುಂದಿದೆ.

ಏನೇನು ಬೇಕು

ಬಾಡಿಗೆ ಬೋಲ್ಟ್ ಮಾಡುವ ಬಗೆಯ 12 ವೋಲ್ಟ್ ಸ್ಟಾರ್ಟರ್ ಸೊಲೆನಾಯ್ಡ್ ಒಂದು. ಕೊಳ್ಳುವಾಗಲೇ ಅಂಗಡಿಯಲ್ಲಿ ಮೀಟರ್ ಹಿಡಿಯಿರಿ, ಏಕೆಂದರೆ ನೋಡಲು ಒಂದೇ ಥರ ಇರುವ ಮೂರು ಜಾತಿಗಳಿವೆ. ಒಂದು ಸಣ್ಣ ಟರ್ಮಿನಲ್ ಇರುವುದರಲ್ಲಿ ಕಾಯಿಲಿನ ಇನ್ನೊಂದು ತುದಿ ಡಬ್ಬಿಗೇ ಸೇರಿರುತ್ತದೆ. ಸಣ್ಣ ಟರ್ಮಿನಲ್ಲಿನಿಂದ ಡಬ್ಬಿಗೆ ಅಳೆದರೆ ಮೂರು, ನಾಲ್ಕು ಓಮ್ ಬರಬೇಕು. ನಮಗೆ ಬೇಕಾದದ್ದು ಇದು. ಎರಡು ಸಣ್ಣ ಟರ್ಮಿನಲ್ ಇರುವುದರಲ್ಲಿ ಕೆಲವಕ್ಕೆ ಕಾಯಿಲಿನ ಎರಡೂ ತುದಿ ಹೊರಗೆ ಬಂದಿರುತ್ತವೆ. ಆಗ ಎರಡನೆಯದಕ್ಕೆ ಬೇರೆ ಅರ್ತ್ ವೈರ್ ಕೊಡಬೇಕು. ಇನ್ನು ಕೆಲವಕ್ಕೆ ಎರಡನೆಯ ಟರ್ಮಿನಲ್ ಬ್ಯಾಲಸ್ಟ್ ಇಗ್ನಿಷನ್ (ಕಾಯಿಲಿನ ಹಾದಿಯಲ್ಲಿ ರೆಸಿಸ್ಟರ್) ಇರುವ ಕಾರಿಗಾಗಿ ಕೊಟ್ಟದ್ದು. ಮೈನರ್‌ಗೆ ಬ್ಯಾಲಸ್ಟ್ ಇಲ್ಲ, ಅದನ್ನು ಖಾಲಿ ಬಿಟ್ಟು ಮೇಲೊಂದು ಸ್ಲೀವ್ ಹಾಕಿ. ರಬ್ಬರ್ ಟೋಪಿಯಡಿ ಕೈಯಿಂದ ಒತ್ತುವ ಬಟನ್ ಇರುವ ಹಳೆಯ ಲೂಕಾಸ್ ಮಾದರಿ ಸಿಕ್ಕರೆ ಬಿಡಬೇಡಿ. ಟ್ಯಾಪೆಟ್ ಹೊಂದಿಸುವಾಗ ಬಾನೆಟ್ ಬಳಿಯೇ ನಿಂತು ಎಂಜಿನ್ ತಿರುಗಿಸಬಹುದು.

ಅದರ ಜೊತೆಗೆ:
– 2.5 ಸ್ಕ್ವೇರ್ ಎಂಎಂ ಆಟೋ ವೈರ್, 2 ಮೀಟರ್. ಬಿಳಿ ಮೇಲೆ ಕೆಂಪು ಗೆರೆಯದ್ದು ಸಿಕ್ಕರೆ ಒಳ್ಳೆಯದು. ಲೂಕಾಸ್ ಪದ್ಧತಿಯಲ್ಲಿ ಸೊಲೆನಾಯ್ಡ್ ವೈರಿನ ಬಣ್ಣ ಅದು.
– 10 ಆಂಪಿಯರ್ ಬ್ಲೇಡ್ ಫ್ಯೂಸ್, ಹೋಲ್ಡರ್ ಸಮೇತ.
– 1ಎನ್5408 ಡಯೋಡ್ ಒಂದು.
– ಹಳೆಯ ದಪ್ಪ ಕೇಬಲ್ ಗಟ್ಟಿಯಾಗಿದ್ದರೆ 25 ಅಥವಾ 35 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್, ಅದಕ್ಕೆ 8 ಎಂಎಂ ತೂತಿನ ತಾಮ್ರದ ಲಗ್‌ಗಳು, ಹೀಟ್ ಶ್ರಿಂಕ್ ಸ್ಲೀವ್.
– ಹಲ್ಲಿನ ವಾಷರ್, ಸ್ಟಡ್‌ಗಳಿಗೆ ರಬ್ಬರ್ ಟೋಪಿ.
– ಬ್ಯಾಟರಿ ಕಟಾಫ್ ಸ್ವಿಚ್.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಎರಡು ಕಡೆ ಸುತ್ತಿದರೆ ಎಲ್ಲವೂ ಸಿಗುವಂಥ ಸಾಮಾನು. ದಪ್ಪ ಲಗ್‌ಗಳನ್ನು ಸುತ್ತಿಗೆಯಿಂದ ಜಜ್ಜಬೇಡಿ. ಹೈಡ್ರಾಲಿಕ್ ಕ್ರಿಂಪರ್ ಇರುವ ಬ್ಯಾಟರಿ ಅಂಗಡಿಯಲ್ಲಿ ಒತ್ತಿಸಿಕೊಳ್ಳಿ.

ಕೆಲಸ

ಬ್ಯಾಟರಿಯ ಅರ್ತ್ ಬಿಚ್ಚಿ, ಕಂಬಕ್ಕೆ ಮತ್ತೆ ತಾಗದಂತೆ ಬಟ್ಟೆ ಸುತ್ತಿಡಿ. ಹಳೆಯ ಸ್ವಿಚ್ಚಿನ ಫೋಟೊ ತೆಗೆದುಕೊಳ್ಳಿ. ಅದರ ಒಂದು ಸ್ಟಡ್ಡಿನಲ್ಲಿ ಬ್ಯಾಟರಿಯ ದಪ್ಪ ಕೇಬಲ್ ಜೊತೆಗೆ ಕಂದು ಬಣ್ಣದ ತೆಳು ವೈರ್ ಇರುತ್ತದೆ. ಅದು ಡೈನಮೊ ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಪೆಟ್ಟಿಗೆಯ 'ಎ' ಟರ್ಮಿನಲ್ಲಿಗೆ ಹೋಗುತ್ತದೆ. ಕಾರಿನ ದೀಪ, ಹಾರ್ನ್, ಇಗ್ನಿಷನ್ ಎಲ್ಲಕ್ಕೂ ಕರೆಂಟು ಹೋಗುವುದು, ಡೈನಮೊದಿಂದ ಬ್ಯಾಟರಿಗೆ ಚಾರ್ಜ್ ಬರುವುದು ಅದರ ಮೂಲಕವೇ. ಈ ಕಂದು ವೈರಿಗೆ ಒಂದು ಚೀಟಿ ಕಟ್ಟಿ. ಇನ್ನೊಂದು ಸ್ಟಡ್ಡಿನಲ್ಲಿ ಮೋಟರಿಗೆ ಹೋಗುವ ಕೇಬಲ್ ಮಾತ್ರ ಇರುತ್ತದೆ.

ಸೊಲೆನಾಯ್ಡನ್ನು ಹಳೆಯ ಸ್ವಿಚ್ಚಿನ ಪಕ್ಕದಲ್ಲೇ, ಹಳೆಯ ಕೇಬಲ್‌ಗಳು ಎಳೆತವಿಲ್ಲದೆ ತಲುಪುವಷ್ಟು ಹತ್ತಿರ ಕೂರಿಸಿ. ಎಗ್ಸಾಸ್ಟ್ ಪೈಪಿನಿಂದ ದೂರವಿರಲಿ, ಬ್ಯಾಟರಿ ಆಸಿಡ್ ಸೋರುವ ದಾರಿಯಲ್ಲೂ ಬೇಡ. ಮೊದಲಿನಿಂದ ಇರುವ ತೂತು ಸಿಕ್ಕರೆ ಅದನ್ನೇ ಬಳಸಿ, ಇಲ್ಲವಾದರೆ 2 ಎಂಎಂ ಕಬ್ಬಿಣದ ಪಟ್ಟಿ ಬಗ್ಗಿಸಿ ಇರುವ ಬೋಲ್ಟಿಗೇ ಸಿಕ್ಕಿಸಿ. ಸೊಲೆನಾಯ್ಡಿನ ಡಬ್ಬಿಯೇ ಅದರ ಅರ್ತ್ ಆದ್ದರಿಂದ ಕೂರುವ ಜಾಗದ ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು, ಮೇಲೆ ತೆಳ್ಳಗೆ ಗ್ರೀಸ್ ಬಳಿಯಿರಿ. ಹೊಸದಾಗಿ ಬಣ್ಣ ಹೊಡೆದ ಕಾರುಗಳಲ್ಲಿ ಸೊಲೆನಾಯ್ಡ್ ಟಿಕ್ ಅನ್ನದಿರುವುದಕ್ಕೆ ಇದೇ ಮೊದಲ ಕಾರಣ.

ಈಗ ಬ್ಯಾಟರಿ ಕೇಬಲ್, ಕಂದು ವೈರ್ ಎರಡನ್ನೂ ಸೊಲೆನಾಯ್ಡಿನ ಒಂದು ದಪ್ಪ ಸ್ಟಡ್ಡಿಗೆ ತನ್ನಿ. ಮೋಟರ್ ಕೇಬಲ್ ಇನ್ನೊಂದಕ್ಕೆ ಹೋಗಬೇಕು, ಆದರೆ ಅದನ್ನು ಈಗಲೇ ಹಾಕಬೇಡಿ. ಕಂದು ವೈರ್ ತಪ್ಪಿ ಮೋಟರ್ ಬದಿಗೆ ಹೋದರೆ ಇಡೀ ಕಾರು ಸತ್ತಂತಿರುತ್ತದೆ: ದೀಪವಿಲ್ಲ, ಇಗ್ನಿಷನ್ ಇಲ್ಲ, ಇಗ್ನಿಷನ್ ಇಲ್ಲದ್ದರಿಂದ ಸೊಲೆನಾಯ್ಡ್ ಕೂಡ ಎಳೆಯುವುದಿಲ್ಲ. ನಟ್ಟುಗಳ ವಿಷಯದಲ್ಲಿ ಒಂದು ಎಚ್ಚರ. ಹಳೆಯ ಸೊಲೆನಾಯ್ಡ್‌ಗಳ ಸ್ಟಡ್ 5/16 ಅಂಗುಲದ ನಯ ಮರೆಯದ್ದು (ಸೂಕ್ಷ್ಮ ತಿರುಪಿನದ್ದು), ಹೊಸವುಗಳಲ್ಲಿ ಎಂ8 ಕೂಡ ಬರುತ್ತದೆ. ಎರಡರ ದಪ್ಪ ಹೆಚ್ಚುಕಡಿಮೆ ಒಂದೇ, ಮರೆ ಬೇರೆ. ಎರಡು ಸುತ್ತು ಹತ್ತಿ ಬಿಗಿಯಾದರೆ ಬಲವಂತ ಮಾಡಬೇಡಿ. ತಾಮ್ರದ ಸ್ಟಡ್ಡಿನ ಮರೆ ಹೋಗಿಬಿಡುತ್ತದೆ. ಟೈಟ್ ಮಾಡುವಾಗ ಕೆಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿಯಿರಿ. ಸ್ಟಡ್ಡೇ ತಿರುಗಿದರೆ ಒಳಗಿನ ಕಾಂಟ್ಯಾಕ್ಟ್ ಓರೆಯಾಗುತ್ತದೆ.

ಇನ್ನು ತೆಳು ವೈರ್. ಫ್ಯೂಸ್ ಪೆಟ್ಟಿಗೆಯ 'ಎ3' ಟರ್ಮಿನಲ್ಲಿಗೆ ಇಗ್ನಿಷನ್ ಸ್ವಿಚ್ಚಿನಿಂದ ಬಿಳಿ ವೈರ್ ಬಂದಿರುತ್ತದೆ. ಅಲ್ಲಿಂದ 10 ಆಂಪಿಯರ್ ಫ್ಯೂಸ್ ಮೂಲಕ ಹಳೆಯ ಎಳೆಯುವ ಸ್ವಿಚ್ಚಿನ ಒಂದು ಸ್ಟಡ್ಡಿಗೆ ವೈರ್ ಕೊಡಿ. ಸ್ವಿಚ್ಚಿನ ಇನ್ನೊಂದು ಸ್ಟಡ್ಡಿನಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ. ಕೆಲಸ ಇಷ್ಟೇ. ಬಿಳಿ ವೈರನ್ನು ಕತ್ತರಿಸುವ, ಸುಲಿದು ಸುತ್ತುವ ಪ್ರಮೇಯ ಎಲ್ಲೂ ಬರುವುದಿಲ್ಲ.

ನೇರ ಬ್ಯಾಟರಿಯಿಂದ ತೆಗೆದುಕೊಳ್ಳದೆ ಎ3ರಿಂದ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಮೂಲ ವ್ಯವಸ್ಥೆಯಲ್ಲಿ ಕೀಲಿ ಇಲ್ಲದೆಯೂ ನಾಬ್ ಎಳೆದರೆ ಸೆಲ್ಫ್ ತಿರುಗುತ್ತದೆ. ಗೇರಿನಲ್ಲಿ ನಿಲ್ಲಿಸಿದ ಕಾರಿನ ನಾಬ್ ಮಗುವಿನ ಕೈಗೆ ಸಿಕ್ಕಿದರೆ ಕಾರು ಮುಂದಕ್ಕೆ ಜಿಗಿಯುತ್ತದೆ. ಎ3ರಿಂದ ಕೊಟ್ಟರೆ ಕೀಲಿ ಹಾಕಿದಾಗ ಮಾತ್ರ ಸೆಲ್ಫ್. ಮೈನರ್‌ನಲ್ಲಿ ಹೇಗೂ ಇಗ್ನಿಷನ್ ಹಾಕಿ, ಎಸ್‌ಯು ಪೆಟ್ರೋಲ್ ಪಂಪಿನ ಟಕ್ ಟಕ್ ನಿಲ್ಲುವವರೆಗೆ ಕಾದು ಆಮೇಲೆ ಎಳೆಯುವುದು ರೂಢಿ, ಅದಕ್ಕೆ ಅಡ್ಡಿಯಿಲ್ಲ. ಇಗ್ನಿಷನ್ ಆಫ್ ಇಟ್ಟು ಎಂಜಿನ್ ತಿರುಗಿಸಬೇಕಾದಾಗ ಬಟನ್ ಇರುವ ಸೊಲೆನಾಯ್ಡ್ ಹಾಕಿದ್ದರೆ ಅದರ ರಬ್ಬರ್ ಬಟನ್ ಇದ್ದೇ ಇದೆ.

ಡಯೋಡ್: ಸೊಲೆನಾಯ್ಡ್ ಬಿಟ್ಟಾಗ ಅದರ ಕಾಯಿಲಿನಿಂದ ಹೊರಡುವ ಹಿಮ್ಮುಖ ವೋಲ್ಟೇಜ್ ಸ್ವಿಚ್ಚಿನಲ್ಲಿ ಕಿಡಿ ಹಾರಿಸುತ್ತದೆ. ಅದನ್ನು ತಡೆಯಲು ಸಣ್ಣ ಟರ್ಮಿನಲ್ ಮತ್ತು ಬಾಡಿ ನಡುವೆ ಡಯೋಡ್ ಹಾಕಬೇಕು. ಪಾಸಿಟಿವ್ ಅರ್ತ್ ಕಾರಿನಲ್ಲಿ ಗೆರೆ ಇರುವ ತುದಿ ಬಾಡಿಗೆ, ನೆಗೆಟಿವ್ ಅರ್ತ್‌ಗೆ ತಿರುಗಿಸಿದ ಕಾರಿನಲ್ಲಿ ಗೆರೆ ಇರುವ ತುದಿ ಸಣ್ಣ ಟರ್ಮಿನಲ್ಲಿಗೆ. ಉಲ್ಟಾ ಹಾಕಿದರೆ ನಾಬ್ ಎಳೆದ ಕೂಡಲೇ ಫ್ಯೂಸ್ ಹೋಗುತ್ತದೆ. ಯಾವುದು ಸರಿ ಎಂಬ ಅನುಮಾನ ಉಳಿದಿದ್ದರೆ ಡಯೋಡ್ ಬಿಟ್ಟುಬಿಡಿ. ಹಳೆಯ ಸ್ವಿಚ್ಚಿನ ಕಾಂಟ್ಯಾಕ್ಟು ದಪ್ಪ, ಇಷ್ಟು ಕಿಡಿಗೆ ಬೇಗ ಕೆಡುವುದಿಲ್ಲ. ಸಣ್ಣ ಪುಶ್ ಬಟನ್ ಹಾಕುವವರಿಗೆ ಮಾತ್ರ ಡಯೋಡ್ ಕಡ್ಡಾಯ.

ಪರೀಕ್ಷೆ ಮೋಟರ್ ಕೇಬಲ್ ಇಲ್ಲದೆಯೇ ಆಗಲಿ. ಸೊಲೆನಾಯ್ಡಿನ ಮೋಟರ್ ಬದಿಯ ಸ್ಟಡ್ ಮತ್ತು ಬಾಡಿ ನಡುವೆ 12 ವೋಲ್ಟ್ 21 ವಾಟ್ ಬಲ್ಬ್ ಸಿಕ್ಕಿಸಿ, ಬ್ಯಾಟರಿ ಅರ್ತ್ ಹಾಕಿ. ಕೀಲಿ ಆಫ್ ಇದ್ದಾಗ ನಾಬ್ ಎಳೆದರೆ ಏನೂ ಆಗಬಾರದು. ಕೀಲಿ ಹಾಕಿ ಎಳೆದರೆ ಗಟ್ಟಿಯಾಗಿ ಟಕ್ ಅಂದು ಬಲ್ಬ್ ಹತ್ತಬೇಕು, ನಾಬ್ ಬಿಟ್ಟ ಕೂಡಲೇ ಆರಬೇಕು. ಇದನ್ನು ಹತ್ತಾರು ಸಲ ಮಾಡಿ. ಒಮ್ಮೆಯಾದರೂ ಬಲ್ಬ್ ಆರಲು ತಡವಾದರೆ ನಾಬ್ ಕೇಬಲ್ ಬಿಗಿಯಾಗಿದೆಯೇ ನೋಡಿ: ಕೇಬಲ್ ಬಿಚ್ಚಿ ಒಳತಂತಿಗೆ ಎಣ್ಣೆ ಇಳಿಸಿ, ಚೂಪಾದ ತಿರುವು ಇದ್ದರೆ ಸಡಿಲಿಸಿ. ಎಲ್ಲ ಸರಿ ಇದ್ದರೆ ಮತ್ತೆ ಅರ್ತ್ ಬಿಚ್ಚಿ, ಮೋಟರ್ ಕೇಬಲ್ ಹಾಕಿ, ಸ್ಟಡ್‌ಗಳಿಗೆ ರಬ್ಬರ್ ಟೋಪಿ ತೊಡಿಸಿ. ಮೊದಲಿನ ಅಳತೆಗಳನ್ನೇ ಮತ್ತೊಮ್ಮೆ ತೆಗೆಯಿರಿ. ಹೊಸ ಸೊಲೆನಾಯ್ಡಿನ ಎರಡು ದಪ್ಪ ಸ್ಟಡ್‌ಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅದನ್ನು ಅಂಗಡಿಗೇ ವಾಪಸ್ ಕೊಡಿ.

ಕಟಾಫ್ ಸ್ವಿಚ್ಚನ್ನು ಬ್ಯಾಟರಿಯ ಅರ್ತ್ ಕೇಬಲ್ಲಿನಲ್ಲಿ ಹಾಕಿ. ಇದು ಅಲಂಕಾರಕ್ಕಲ್ಲ. ಎಳೆಯುವ ಸ್ವಿಚ್ ಕಚ್ಚಿಕೊಂಡರೆ ನಾಬನ್ನು ಕೈಯಿಂದ ಒಳಕ್ಕೆ ತಳ್ಳಿ ಬಿಡಿಸುವ ಅವಕಾಶವಿತ್ತು. ಸೊಲೆನಾಯ್ಡ್ ಒಳಗೆ ಬೆಸೆದುಕೊಂಡರೆ ಕೀಲಿ ತೆಗೆದರೂ ಸೆಲ್ಫ್ ನಿಲ್ಲುವುದಿಲ್ಲ.

ಬಟನ್, ಕೀಲಿ, ಹೊಸ ಮೋಟರ್

ಹಳೆಯ ಸ್ವಿಚ್ ಇಲ್ಲವೇ ಇಲ್ಲ, ಅಥವಾ ಕೇಬಲ್ ತುಂಡಾಗಿದೆ ಎಂದಾದರೆ ಪಾರ್ಸಲ್ ಶೆಲ್ಫಿನ ಕೆಳಗೆ, ಮೊಣಕಾಲು ತಾಗದ ಕಡೆ, ಪಟ್ಟಿಗೆ ಪುಶ್ ಬಟನ್ ಕೂರಿಸಿ. ಡ್ಯಾಶ್‌ಬೋರ್ಡ್ ಕೊರೆಯಬೇಡಿ. ಬಟನ್ 12 ವೋಲ್ಟ್ ಡಿಸಿಯಲ್ಲಿ 10 ಆಂಪಿಯರ್ ತಾಳುವಂತಿರಲಿ, ಒತ್ತಿ ಬಿಟ್ಟರೆ ತಾನಾಗಿ ವಾಪಸ್ ಬರುವಂಥದ್ದಿರಲಿ. 250 ವೋಲ್ಟ್ ಎಸಿ ಎಂದಷ್ಟೇ ಬರೆದ ಬಟನ್ ಸಾಲದು. ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲ.

ಕೀಲಿಯಿಂದಲೇ ಸೆಲ್ಫ್ ಬೇಕೆಂದರೆ ಮೂರು ಸ್ಥಾನದ, ಕೊನೆಯ ಸ್ಥಾನದಿಂದ ಸ್ಪ್ರಿಂಗಿನಲ್ಲಿ ಹಿಂದೆ ಬರುವ ಇಗ್ನಿಷನ್ ಸ್ವಿಚ್ ಬೇಕು. ಯಾವ ಟರ್ಮಿನಲ್ ಯಾವುದೆಂದು ಮೀಟರಿನಲ್ಲಿ ಕಂಡುಕೊಂಡೇ ವೈರ್ ಕೊಡಿ. ಮೂಲ ಸ್ವಿಚ್, ಕೀಲಿ ಎರಡನ್ನೂ ಕಾರಿನ ಕಾಗದಪತ್ರದ ಜೊತೆ ಎತ್ತಿಡಿ. ನೋಡಿದರೆ ಇದು ಎಲ್ಲಕ್ಕಿಂತ ಸಲೀಸು ಅನ್ನಿಸುತ್ತದೆ, ಆದರೆ ಮೈನರ್‌ನ ಹಲ್ಲಿಗೆ ಇದರಿಂದಲೇ ಹೆಚ್ಚು ಪೆಟ್ಟು. ಇದರ ಮೋಟರ್ ಬೆಂಡಿಕ್ಸ್ ಮಾದರಿಯದ್ದು: ಮೋಟರ್ ರಭಸದಿಂದ ತಿರುಗಿದಾಗ ಪಿನಿಯನ್ (ಮೋಟರಿನ ಸಣ್ಣ ಹಲ್ಲುಚಕ್ರ) ತಾನಾಗಿ ಜಾರಿ ಫ್ಲೈವೀಲ್ ರಿಂಗಿಗೆ ಕಚ್ಚುತ್ತದೆ. ಎಂಜಿನ್ ಕೆಮ್ಮಿ ಇನ್ನೂ ಪೂರ್ತಿ ನಿಲ್ಲುವ ಮೊದಲೇ ಮತ್ತೆ ಕೀಲಿ ತಿರುಗಿಸಿದರೆ ತಿರುಗುತ್ತಿರುವ ರಿಂಗಿಗೆ ಪಿನಿಯನ್ ಬಡಿಯುತ್ತದೆ. ಹೊಸ ಕಾರು ಓಡಿಸಿ ರೂಢಿಯಾದ ಕೈ ಹೀಗೇ ಮಾಡುವುದು. ನಾಬ್ ಇದ್ದರೆ ಕೈ ಅಲ್ಲಿಗೆ ಹೋಗಿ ಎಳೆಯುವಷ್ಟರಲ್ಲಿ ಎಂಜಿನ್ ನಿಂತಿರುತ್ತದೆ.

ಗೇರ್ ಇರುವ ಹೊಸ ಬಗೆಯ ಮೋಟರ್ ಹಾಕಿದವರ ಲೆಕ್ಕ ಬೇರೆ. ಅದರ ಮೈಮೇಲೆಯೇ ಸೊಲೆನಾಯ್ಡ್ ಇರುತ್ತದೆ, ಇನ್ನೊಂದು ಬೇಕಿಲ್ಲ. ಬ್ಯಾಟರಿ ಕೇಬಲ್ ನೇರ ಅದರ ದಪ್ಪ ಸ್ಟಡ್ಡಿಗೆ, ಹಳೆಯ ಸ್ವಿಚ್ಚಿನಿಂದ ಬರುವ ತೆಳು ವೈರ್ ಅದರ ಸಣ್ಣ ಟರ್ಮಿನಲ್ಲಿಗೆ. ಕೆಲವರು ಬಾಡಿಯ ಸೊಲೆನಾಯ್ಡ್ ಉಳಿಸಿಕೊಂಡು ಮೋಟರಿನ ಎರಡು ಟರ್ಮಿನಲ್‌ಗಳನ್ನು ತಂತಿಯಲ್ಲಿ ಸೇರಿಸಿಬಿಡುತ್ತಾರೆ. ಹಾಗೆ ಮಾಡಿದರೆ, ಕರೆಂಟು ನಿಂತ ಮೇಲೂ ಸುತ್ತುತ್ತಿರುವ ಅಯಸ್ಕಾಂತದ ಮೋಟರ್ ಡೈನಮೊದಂತೆ ಕರೆಂಟು ಹುಟ್ಟಿಸಿ ತನ್ನ ಸೊಲೆನಾಯ್ಡನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಎದ್ದ ಮೇಲೂ ಪಿನಿಯನ್ ಹಿಂದೆ ಸರಿಯುವುದಿಲ್ಲ. ಪಾಸಿಟಿವ್ ಅರ್ತ್‌ಗೆ ಆಗುತ್ತದೆಯೇ ಎಂದು ಕೇಳಿ ತೆಗೆದುಕೊಳ್ಳಿ.

ಆಮೇಲೆ ಕಾಡುವವು

ಟಕ್ ಅನ್ನುತ್ತದೆ, ಮೋಟರ್ ತಿರುಗುವುದಿಲ್ಲ: ಬ್ಯಾಟರಿ ಕಂಬದ ಬಿಳಿ ಹುಡಿ, ಎಂಜಿನ್ ಅರ್ತ್, ಕೊನೆಗೆ ಮೋಟರಿನ ಬ್ರಶ್. ಬ್ರಶ್ 8 ಎಂಎಂಗಿಂತ ಗಿಡ್ಡವಾಗಿದ್ದರೆ ಬದಲಿಸಿ.

ಟಕಟಕ ಎಂದು ಬಡಿದುಕೊಳ್ಳುತ್ತದೆ: ಬ್ಯಾಟರಿ ಸೋತಿದೆ. ಸೊಲೆನಾಯ್ಡ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಕಾಂಟ್ಯಾಕ್ಟುಗಳು ಬೆಸೆದುಕೊಳ್ಳುವುದು ಇಂಥ ಹೊತ್ತಿನಲ್ಲೇ, ಆದ್ದರಿಂದ ನಾಬ್ ಹಿಡಿದು ಕೂರಬೇಡಿ. ಮೈನರ್‌ಗೆ ಹ್ಯಾಂಡಲ್ ಹಾಕುವ ಅನುಕೂಲವಿದೆ, ಅದು ಇರುವುದೇ ಇದಕ್ಕೆ.

ಮೋಟರ್ ಜುಯ್ ಎಂದು ಬರಿದೇ ತಿರುಗುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ: ಬೆಂಡಿಕ್ಸ್ ಕೊಳೆಯಿಂದ ಕಚ್ಚಿದೆ. ಮೋಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಎಣ್ಣೆ, ಗ್ರೀಸ್ ಬೇಡವೇ ಬೇಡ. ಕ್ಲಚ್ಚಿನ ಧೂಳು ಅದಕ್ಕೆ ಮೆತ್ತಿ ವಾರದಲ್ಲಿ ಮತ್ತೆ ಅದೇ ಕಥೆ.

ಮೋಟರ್ ಒಮ್ಮೆ ಟಣ್ ಎಂದು ನಿಂತುಬಿಟ್ಟಿದೆ, ಹ್ಯಾಂಡಲ್ಲೂ ತಿರುಗುತ್ತಿಲ್ಲ: ಪಿನಿಯನ್ ರಿಂಗಿಗೆ ಸಿಕ್ಕಿಕೊಂಡಿದೆ. ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರ್ ಹಾಕಿ ಕಾರನ್ನು ಹಿಂದೆ ಮುಂದೆ ಅಲುಗಿಸಿ. ಬಿಡದಿದ್ದರೆ ಮೋಟರಿನ ಹಿಂತುದಿಯ ಸಣ್ಣ ಟೋಪಿ ತೆಗೆದು, ಒಳಗಿನ ಚೌಕ ತುದಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ. ತಿಂಗಳಿಗೆ ಎರಡು ಸಲ ಹೀಗಾಗುತ್ತಿದ್ದರೆ ರಿಂಗಿನ ಹಲ್ಲು ಸವೆದಿದೆ.

ಮಲೆನಾಡಿನ ತೋಟಗಳಲ್ಲಿ ಇನ್ನೂ ಓಡುವ ಹಳೆಯ ಜೀಪುಗಳಲ್ಲಿ ಕಾಲಿನಿಂದ ಒತ್ತುವ ಸೆಲ್ಫ್ ಸ್ವಿಚ್ ಇದ್ದರೆ ಅದಕ್ಕೂ ಇದೇ ಮಾರ್ಪಾಡು ಒಪ್ಪುತ್ತದೆ. ನೆಲದ ಮೇಲಿನ ಸ್ವಿಚ್ಚಿಗೆ ಕೆಸರು, ನೀರು ಸೇರಿ ಕಾಂಟ್ಯಾಕ್ಟ್ ಕೆಡುವುದು ಅಲ್ಲಿ ಇನ್ನೂ ಬೇಗ. ವೈರಿಂಗ್ ಇದೇ ಕ್ರಮದಲ್ಲಿ ಕೊಡಿ, ಬ್ಯಾಟರಿ ಮಾತ್ರ ಮೊದಲೇ ನೋಡಿಕೊಳ್ಳಿ. ಮೂಲದ 6 ವೋಲ್ಟಿನಲ್ಲೇ ಉಳಿದ ಜೀಪಾದರೆ 12 ವೋಲ್ಟಿನ ಸೊಲೆನಾಯ್ಡ್ ಎಳೆಯುವುದಿಲ್ಲ, 6 ವೋಲ್ಟಿನದ್ದನ್ನೇ ಹುಡುಕಬೇಕು.